ಅಂಗಳದಲ್ಲೊಂದು ದಪ್ಪ ಪ್ಲಗ್

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಲಾಡ್ಜು, ಖಾನಾವಳಿ, ಧಾಬಾ, ಕಲ್ಯಾಣ ಮಂಟಪಗಳ ಮಾಲೀಕರಿಗೆ, ಗುಡಿ-ಮಠಗಳ ಯಾತ್ರಿನಿವಾಸ ನೋಡಿಕೊಳ್ಳುವ ಹಿರಿಯರಿಗೆ,



ಹೋದ ಬೇಸಿಗೆಯಲ್ಲಿ ಮೊಮ್ಮಕ್ಕಳಿಗೆ ಬಾದಾಮಿಯ ಗುಹೆ ತೋರಿಸಲು ಹೊರಟಿದ್ದೆ. ರಾತ್ರಿ ಅಲ್ಲೇ ಉಳಿದು, ಮರುದಿನ ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ ಮುಗಿಸಿ ತುಳಸಿಗೇರಿಗೆ ಮರಳುವ ವಿಚಾರ. ನನ್ನದು ಕರೆಂಟಿನ ಕಾರು. ಬೆಂಗಳೂರಿನಲ್ಲಿರುವ ಮಗ ಹೊಸದು ಕೊಂಡಾಗ ಹಳೆಯದು ನನ್ನ ಪಾಲಿಗೆ ಬಂತು. ಮನೆಯಿಂದ ತುಂಬಿಸಿಕೊಂಡು ಹೊರಟದ್ದು ಎರಡು ದಿನದ ತಿರುಗಾಟಕ್ಕೆ ಸಾಲದು ಎಂದು ಗೊತ್ತಿದ್ದುದರಿಂದ ಮೊದಲೇ ಒಂದು ಲಾಡ್ಜಿಗೆ ಫೋನು ಹಚ್ಚಿದೆ.

“ಚಾರ್ಜಿಂಗ್ ಐತೇನ್ರಿ?”

“ಐತ್ರೀ ಸರ, ಎಲ್ಲಾ ರೂಮಿನ್ಯಾಗೂ ಐತ್ರಿ.”

ಹೋಗಿ ನೋಡಿದರೆ ಪ್ರತಿ ಮಂಚದ ಮಗ್ಗುಲಿಗೂ ಮೊಬೈಲು ಹಚ್ಚುವ ಸಣ್ಣ ಪ್ಲಗ್ಗು! ಅವರದೇನೂ ತಪ್ಪಿಲ್ಲ. ನಾನು ಕಾರಿನ ಹೆಸರು ಎತ್ತಲಿಲ್ಲ, ಅವರಿಗೆ ಅದು ಹೊಳೆಯಲಿಲ್ಲ.

ಕೆಳಗಿನ ಅಂತಸ್ತಿನಲ್ಲಿ ದಪ್ಪ ಪ್ಲಗ್ ಇದ್ದದ್ದು ಒಂದೇ, ಅದೂ ಅಡುಗೆಮನೆಯಲ್ಲಿ, ಹಿಟ್ಟು ರುಬ್ಬುವ ಗ್ರೈಂಡರಿಗೆ. “ಹತ್ತರ ಮ್ಯಾಲ ರುಬ್ಬೂದು ಮುಗೀತೈತ್ರಿ, ಆಮ್ಯಾಲ ಹಚ್ಕೋರಿ” ಎಂದರು ಮ್ಯಾನೇಜರು. ಕಾರನ್ನು ಹಿತ್ತಲ ಗೋಡೆಗೆ ಒತ್ತಿ ನಿಲ್ಲಿಸಿ, ಕಿಟಕಿಯಿಂದ ವೈರು ಎಳೆದು ಹಚ್ಚಿದೆ. ಚಾರ್ಜರಿನ ಮೇಲೆ ಕೆಂಪು ದೀಪ ಬಂತು. ಅರ್ಥಿಂಗ್ ಸಿಗುತ್ತಿಲ್ಲ ಎಂದು ಅದರ ತಕರಾರು. ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವನು. ಆದರೂ ನನಗಿಂತ ಮೊದಲು ಕಾರಣ ಹೊಳೆದದ್ದು ಅಲ್ಲಿ ನೀರಿನ ಮೋಟರು ನೋಡಿಕೊಳ್ಳುವ ಹುಡುಗನಿಗೆ. “ಅರ್ಥ್ ಗುಂಡಿ ಒಣಗಿರಬೇಕ್ರೀ ಅಜ್ಜಾರ” ಎಂದವನೇ ಎರಡು ಕೊಡ ನೀರು ತಂದು, ಮೂಲೆಯಲ್ಲಿ ಕಸದ ನಡುವೆ ತಲೆ ಎತ್ತಿದ್ದ ಪೈಪಿನ ಬಾಯಿಗೆ ಸುರಿದ. ಗುಂಡಿ ಬುಳುಬುಳು ಎಂದು ಅಷ್ಟನ್ನೂ ಕುಡಿಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಚ್ಚಿದೆವು. ಹಸಿರು ದೀಪ ಹತ್ತಿತು. ಮೊಮ್ಮಗಳು ಚಪ್ಪಾಳೆ ತಟ್ಟಿದಳು.

ಆ ಎರಡು ಕೊಡ ನೀರಿನ ಋಣ ನನ್ನ ಮೇಲಿದೆ. ಅದಕ್ಕೇ ಈ ಪತ್ರ.

ನಾನು ಕೇಳುತ್ತಿರುವುದು ಇಷ್ಟೇ. ನಿಮ್ಮಲ್ಲಿ ಗಾಡಿ ನಿಲ್ಲಿಸುವ ಜಾಗದ ಗೋಡೆಗೆ 15 ಆಂಪಿನ, ಮೂರು ಪಿನ್ನಿನ ದಪ್ಪ ಪ್ಲಗ್ ಒಂದನ್ನು ಕೂಡಿಸಿ. ಎರಡಾದರೆ ಇನ್ನೂ ಚಲೋ. ಆದರೆ ಅದು ಸರಿಯಾದ ಪ್ಲಗ್ ಆಗಿರಬೇಕು. ಹೇಗೆ ಸರಿ ಎನ್ನುವುದನ್ನು ಮುಂದೆ ಹೇಳುತ್ತೇನೆ.

ಕರೆಂಟಿನ ಕಾರಿನ ಸುದ್ದಿ ಬಂದರೆ ಎಲ್ಲರ ಬಾಯಲ್ಲೂ ಹೆದ್ದಾರಿಯ ದೊಡ್ಡ ಚಾರ್ಜರುಗಳದೇ ಮಾತು. ಅವು ಬೇಕು, ಇಲ್ಲ ಅನ್ನುವುದಿಲ್ಲ. ಹೆದ್ದಾರಿಯ ಎರಡೂ ಬದಿಗೆ 25 ಕಿ.ಮೀ.ಗೊಂದು ಚಾರ್ಜಿಂಗ್ ಕೇಂದ್ರ ಇರಬೇಕೆಂದು ಕೇಂದ್ರ ಸರ್ಕಾರ 2018ರಲ್ಲೇ ಮಾರ್ಗಸೂಚಿ ಹೊರಡಿಸಿತು. ನಮ್ಮ ರಾಜ್ಯವಂತೂ 2017ರಲ್ಲಿ, ದೇಶದಲ್ಲೇ ಮೊದಲು, ಕರೆಂಟಿನ ವಾಹನಗಳಿಗೆಂದು ಒಂದು ನೀತಿ ಮಾಡಿತ್ತು. ಕಾಗದದ ಮೇಲೆ ಎಲ್ಲ ಚಂದ. ಈ ಕಾರು ಇನ್ನೂ ಮಗನ ಕೈಯಲ್ಲಿದ್ದಾಗ ಒಮ್ಮೆ ಅವನೊಂದಿಗೆ ಬೆಂಗಳೂರಿನಿಂದ ಇದರಲ್ಲೇ ಬಂದೆ. ಹಾದಿ ಸುಮಾರು 450 ಕಿ.ಮೀ. ಕಂಪನಿಯವರು ಒಂದು ಚಾರ್ಜಿಗೆ ಎಷ್ಟು ಓಡುತ್ತದೆ ಎಂದು ಬರೆದಿರುತ್ತಾರೋ, ಎ.ಸಿ. ಹಾಕಿ, ನಾಲ್ಕು ಜನ ಕೂತು, ಹೆದ್ದಾರಿಯ ವೇಗದಲ್ಲಿ ಹೋದರೆ ಅದರ ಮೂರರಲ್ಲಿ ಎರಡು ಪಾಲು ಸಿಕ್ಕರೆ ಪುಣ್ಯ. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರಗಳು ಗರಗರ ತಿರುಗುತ್ತಿದ್ದರೆ ನೋಡಲು ಖುಷಿ. ಅದೇ ಗಾಳಿ ಕಾರಿಗೆ ಎದುರಾದರೆ ಪರದೆಯ ಮೇಲಿನ ಅಂಕಿ ಕಿಲೋಮೀಟರಿಗಿಂತ ಬೇಗ ಇಳಿಯುತ್ತದೆ. ದಾರಿಯಲ್ಲಿ ಒಂದು ಕಡೆ ಚಾರ್ಜರು ಕೆಟ್ಟಿತ್ತು. ಇನ್ನೊಂದು ಕಡೆ ಚಾರ್ಜರು ಸರಿಯಿತ್ತು, ಅದರ ಮುಂದೆ ಪೆಟ್ರೋಲಿನ ಕಾರು ನಿಲ್ಲಿಸಿ ಮಾಲೀಕರು ಊಟಕ್ಕೆ ಹೋಗಿದ್ದರು. ಮೂರನೆಯ ಕಡೆ ಆ್ಯಪು ಇಳಿಸಿಕೊಂಡು, ಅದರಲ್ಲಿ ರೊಕ್ಕ ತುಂಬಿ, ಬಂದ ಒಟಿಪಿ ಹಾಕಬೇಕಿತ್ತು. ನೆಟ್‌ವರ್ಕ್ ಇರಲಿಲ್ಲ. ಮಗ ಮೊಬೈಲು ಎತ್ತಿ ಹಿಡಿದು ರಸ್ತೆಯ ಆಚೆ ಬದಿಗೆ ಹೋದ. ನಾನು ಕಾರಿನೊಳಗೆ ಕೂತು, ಪರದೆಯ ಮೇಲಿನ 9 ಪ್ರತಿಶತವನ್ನೇ ನೋಡುತ್ತಿದ್ದೆ.

ಇವೆಲ್ಲ ಕಾಲ ಕಳೆದಂತೆ ಸುಧಾರಿಸುತ್ತವೆ. ಆದರೆ ಹೆದ್ದಾರಿಯ ಚಾರ್ಜರು ಎಷ್ಟೇ ಸುಧಾರಿಸಿದರೂ ಅದು ಹಾದಿಯ ನಡುವಿನ ಚಹಾದ ಹಾಗೆ. ಈ ಕಾರು ಹೊಟ್ಟೆ ತುಂಬ ಉಣ್ಣುವುದು ರಾತ್ರಿ, ಒಡೆಯ ಮಲಗಿದ ಜಾಗದಲ್ಲಿ. 2001ರಲ್ಲಿ ಬೆಂಗಳೂರಿನಲ್ಲಿ ಚೇತನ್ ಮೈನಿಯವರು ರೇವಾ ಎಂಬ ಪುಟ್ಟ ಕರೆಂಟಿನ ಕಾರು ತಂದರಲ್ಲ, ಅದು ಮನೆಯ 15 ಆಂಪಿನ ಪ್ಲಗ್ಗಿಗೆ ಹಚ್ಚಿ ಓಡಿಸುವ ಕಾರೇ ಆಗಿತ್ತು. ಹೆದ್ದಾರಿಯ ಚಾರ್ಜರು ಎಂಬ ಮಾತೇ ಆಗ ಇರಲಿಲ್ಲ. ಲಂಡನ್ನಿನ ಬೀದಿಯಲ್ಲೂ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. ಇವತ್ತಿನ ಕಾರುಗಳ ಬ್ಯಾಟರಿ ಎಷ್ಟೋ ಪಟ್ಟು ದೊಡ್ಡದು, ಆದರೂ ರಾತ್ರಿಯ ಪ್ಲಗ್ಗಿನ ಲೆಕ್ಕ ಬದಲಾಗಿಲ್ಲ. 15 ಆಂಪಿನ ಪ್ಲಗ್ಗಿನಿಂದ ತಾಸಿಗೆ 3 ಯೂನಿಟ್ಟಿಗಿಂತ ತುಸು ಹೆಚ್ಚು ಹೋಗುತ್ತದೆ. ರಾತ್ರಿ ಹತ್ತಕ್ಕೆ ಹಚ್ಚಿ ಬೆಳಗ್ಗೆ ಏಳಕ್ಕೆ ತೆಗೆದರೆ ಸುಮಾರು 30 ಯೂನಿಟ್. ನನ್ನ ಕಾರು ಯೂನಿಟ್ಟಿಗೆ ಆರು ಕಿ.ಮೀ. ಓಡುತ್ತದೆ. ಅಂದರೆ 180 ಕಿ.ಮೀ. ಆಯಿತು. ಬಾದಾಮಿಯಿಂದ ಪಟ್ಟದಕಲ್ಲು 22 ಕಿ.ಮೀ., ಅಲ್ಲಿಂದ ಐಹೊಳೆ ಇನ್ನೂ ಹತ್ತಿರ. ಕೂಡಲಸಂಗಮದವರೆಗೆ ಹೋಗಿ ಬಾದಾಮಿಗೆ ಮರಳಿದರೂ ನೂರೈವತ್ತರ ಆಚೀಚೆ. ನಿಮ್ಮ ಸೀಮೆಯ ಪ್ರವಾಸ ನಿಮ್ಮದೇ ಒಂದು ರಾತ್ರಿಯ ಪ್ಲಗ್ಗಿನಲ್ಲಿ ಮುಗಿಯುತ್ತದೆ. ಸಾವಿರಾರು ಕೋಟಿಯ ಯೋಜನೆ ಬೇಕಿಲ್ಲ.

ನಾನು ಸಣ್ಣವನಿದ್ದಾಗ ತುಳಸಿಗೇರಿ ಹನುಮಪ್ಪನ ಗುಡಿಗೆ ಚಕ್ಕಡಿ ಹೂಡಿಕೊಂಡು ಬರುತ್ತಿದ್ದರು. ನಮ್ಮ ಮನೆಯ ಮುಂದೆ ಚಕ್ಕಡಿ ನಿಂತರೆ ನಮ್ಮಜ್ಜ ಬಂದವರನ್ನು ಮಾತಾಡಿಸುವ ಮೊದಲು ಎತ್ತಿನ ಕಡೆ ನೋಡುತ್ತಿದ್ದ. “ಮೊದಲ ಕೊಳ್ಳ ಹರೀರಿ, ನೀರು ಕುಡಸ್ರಿ, ಮೇವು ಹಾಕ್ರಿ, ಆಮ್ಯಾಲ ನೀವು ಒಳಗ ಬರ್ರಿ.” ಎತ್ತು ಹಸಿದಿದ್ದರೆ ಮರುದಿನ ಊರು ಮುಟ್ಟುವುದಿಲ್ಲ ಎಂಬುದು ಮೇವು ಕೊಡುವವನಿಗೂ ಗೊತ್ತಿತ್ತು. ಪೆಟ್ರೋಲು ಬಂದ ಮೇಲೆ ಗಾಡಿಯ ಮೇವು ಬೇರೆ ಕಡೆಗೆ ಹೋಯಿತು, ನೀವು ಒಡೆಯನಿಗಷ್ಟೇ ಬಡಿಸುವವರಾದಿರಿ. ಈಗ ಗಾಡಿ ಮತ್ತೆ ನಿಮ್ಮ ಅಂಗಳದಲ್ಲೇ ಮೇವು ಕೇಳುತ್ತಿದೆ.

ಪ್ಲಗ್ ಹೇಗಿರಬೇಕು ಎಂದು ಹೇಳುತ್ತೇನೆ ಎಂದಿದ್ದೆನಲ್ಲ. ಇಲ್ಲಿ ಸ್ವಲ್ಪ ಮಾಸ್ತರನ ಹಾಗೆ ಮಾತಾಡಿದರೆ ಬೇಸರ ಮಾಡಿಕೊಳ್ಳಬೇಡಿ.

ಗೀಜರಿನ ಪ್ಲಗ್ಗೂ ಇದೇ ಅಲ್ಲವೇ, ಅದಕ್ಕೇ ಹಚ್ಚಿದರಾಯಿತು ಎಂದು ನೀವು ಅನ್ನಬಹುದು. ಕಾರು ಎಳೆಯುವುದು ಸುಮಾರು ಒಂದೂವರೆ ಗೀಜರಿನಷ್ಟು. ಅದು ದೊಡ್ಡ ಮಾತಲ್ಲ. ಆದರೆ ಗೀಜರು ಅರ್ಧ ತಾಸು ಉರಿದು ಆರುತ್ತದೆ, ಕಾರು ಒಂಬತ್ತು ತಾಸು ಒಂದೇ ಸಮನೆ ಎಳೆಯುತ್ತದೆ. ತೆಳು ವೈರು ಅರ್ಧ ತಾಸು ತಡೆದೀತು, ಒಂಬತ್ತು ತಾಸು ತಡೆಯದು. ಆದ್ದರಿಂದ ಮೇನ್ ಬೋರ್ಡಿನಿಂದ ಆ ಪ್ಲಗ್ಗಿಗೆಂದೇ ಬೇರೆ ಲೈನು ಎಳೆಸಿ. ತಾಮ್ರದ 4 ಚದರ ಮಿಲಿಮೀಟರಿನ ವೈರು ಇರಲಿ. ಅದಕ್ಕೊಂದು ಪ್ರತ್ಯೇಕ ಎಂಸಿಬಿ, ಜೊತೆಗೆ 30 ಮಿಲಿಆಂಪು ಸೋರಿದರೂ ತಟ್ಟನೆ ಬೀಳುವ ಆರ್‌ಸಿಸಿಬಿ. ಮಳೆ ಬೀಳದಂತೆ ಮುಚ್ಚಳವಿರುವ ಡಬ್ಬಿ. ಯಾರೋ ಸ್ಟಾರ್ಟರ್ ರಿಪೇರಿಗೆ ಬಂದವನ ಕೈಯಲ್ಲಿ ಮಾಡಿಸಬೇಡಿ, ಲೈಸೆನ್ಸ್ ಇರುವ ವೈರ್‌ಮನ್ ಕರೆಸಿ. ನಮ್ಮ ಮನೆಗೆ ಇಷ್ಟೆಲ್ಲ ಮಾಡಿಸಲು ಅರ್ಥಿಂಗ್ ಸೇರಿ ಒಂಬತ್ತು ಸಾವಿರ ಚಿಲ್ಲರೆ ಬಿತ್ತು. ನಿಮ್ಮಲ್ಲಿ ಬೋರ್ಡು ದೂರವಿದ್ದರೆ ವೈರಿನ ಖರ್ಚು ಏರುತ್ತದೆ.

ಇನ್ನು ಅರ್ಥಿಂಗ್. ನಮ್ಮ ಸೀಮೆಯ ನಿಜವಾದ ತೊಡಕು ಇದೇ. ಬಾದಾಮಿಯ ಕಡೆ ಅಡಿ ಅಗೆದರೆ ಬಂಡೆ. ಮಾರ್ಚಿ ದಾಟಿದರೆ ಹುನಗುಂದದ ಎರೆ ಮಣ್ಣೂ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ. ಒಣ ಮಣ್ಣಿನಲ್ಲಿ ಕರೆಂಟು ಇಳಿಯುವುದಿಲ್ಲ. ಹಳೆಯ ಕಾಲದವರು ಗುಂಡಿಗೆ ಇದ್ದಲು, ಉಪ್ಪು ಪದರ ಪದರವಾಗಿ ಹಾಕಿ ಪೈಪಿನ ಬಾಯಿಯನ್ನು ಮೇಲೆ ಬಿಡುತ್ತಿದ್ದುದೇ ನೀರು ಹಾಕಲೆಂದು. ಗುಂಡಿ ಇದೆ, ಬಾಯಿಯೂ ಇದೆ, ನೀರು ಹಾಕುವುದು ಮಾತ್ರ ಮರೆತುಹೋಗಿದೆ. ಬೇಸಿಗೆಯಲ್ಲಿ ತುಳಸಿಗೆ ನೀರು ಹಾಕುವಾಗ ಅದಕ್ಕೂ ಒಂದು ಕೊಡ ಹಾಕಿಸಿ. ಪೂರ್ತಿ ಬಂಡೆಯಿದ್ದರೆ ಈಗ ರಾಸಾಯನಿಕ ತುಂಬಿದ ಸಿದ್ಧ ಅರ್ಥಿಂಗ್ ಸಿಗುತ್ತದೆ, ಬೋರು ಹೊಡೆಸಿ ಇಳಿಸುತ್ತಾರೆ.

ಒಂದು ಮಾತನ್ನು ಮಾತ್ರ ಕಟುವಾಗಿಯೇ ಹೇಳುತ್ತೇನೆ. ಕೆಂಪು ದೀಪ ಬಂದಾಗ ಕೆಲವರು ಪ್ಲಗ್ಗಿನೊಳಗೇ ನ್ಯೂಟ್ರಲ್ಲಿಗೂ ಅರ್ಥಿಗೂ ಒಂದು ತುಂಡು ವೈರು ಸೇರಿಸಿ ಬಿಡುತ್ತಾರೆ. ಚಾರ್ಜರು ಮೋಸಹೋಗಿ ಹಸಿರು ತೋರಿಸುತ್ತದೆ. ಎಲ್ಲಾದರೂ ನ್ಯೂಟ್ರಲ್ ಕಡಿದರೆ ಕಾರಿನ ಇಡೀ ಮೈಗೆ ಕರೆಂಟು ಬರುತ್ತದೆ. ಮಳೆ ಬಂದು ನೆಲ ಒದ್ದೆಯಾಗಿ, ಬರಿಗಾಲಿನ ಮಗು ಬಾಗಿಲು ಮುಟ್ಟಿದರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಗಿರಾಕಿಯೇ ಬಂದು “ಹಂಗ ಮಾಡ್ರಿ, ಏನೂ ಆಗೂದಿಲ್ಲ” ಎಂದರೂ ಒಪ್ಪಬೇಡಿ. ಅವರಿಗೆ ಇಲ್ಲ ಎನ್ನಿ, ಕಳಿಸಿಬಿಡಿ.

ಕಲ್ಯಾಣ ಮಂಟಪದವರಿಗೆ ಬೇರೆ ಒಂದು ಮಾತಿದೆ. ನೆಂಟರ ಮದುವೆಯೊಂದರಲ್ಲಿ ಶಾಮಿಯಾನದವನಿಂದ ಎಕ್ಸ್‌ಟೆನ್ಶನ್ ಬಾಕ್ಸು ಇಸಿದುಕೊಂಡು ಕಾರು ಹಚ್ಚಿದ್ದೆ. ಡ್ರಮ್ಮಿಗೆ ಸುತ್ತಿದ್ದ ವೈರನ್ನು ಬೇಕಾದಷ್ಟೇ ಬಿಚ್ಚಿ, ಉಳಿದದ್ದನ್ನು ಸುತ್ತಿದ ಹಾಗೇ ಬಿಟ್ಟೆ. ಅಕ್ಕಿಕಾಳಿನ ಹೊತ್ತಿಗೆ ಏನೋ ಸುಟ್ಟ ವಾಸನೆ. ಅಡುಗೆಯವರು ಒಗ್ಗರಣೆ ಹೊತ್ತಿಸಿದರು ಎಂದುಕೊಂಡೆವು. ಹೋಗಿ ನೋಡಿದರೆ ಸುತ್ತಿದ ವೈರು ಒಂದಕ್ಕೊಂದು ಅಂಟಿ, ಬೆಲ್ಲದ ಪಾಕದ ಹಾಗೆ ಆಗಿತ್ತು. ಸುರುಳಿಯಲ್ಲಿದ್ದ ವೈರಿನ ಕಾವು ಹೊರಗೆ ಹೋಗುವುದಿಲ್ಲ. ಇದನ್ನೇ ಮಕ್ಕಳಿಗೆ ಮೂವತ್ತು ವರ್ಷ ಕಲಿಸಿದವನು ನಾನು! ಆ ಶಾಮಿಯಾನದವನಿಗೆ ವೈರಿನ ದುಡ್ಡು ಕೊಟ್ಟೆ. ಮದುವೆಗೆ ಬೆಂಗಳೂರು, ಪುಣೆ, ಹುಬ್ಬಳ್ಳಿಯಿಂದ ಬರುವವರಲ್ಲಿ ಇಂಥ ಕಾರಿನವರು ಈಗ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಸರಿಯಾದ ಪ್ಲಗ್ ಇಲ್ಲದಿದ್ದರೆ ಅವರು ಇಂಥದೇ ಏನೋ ಹೂಡುತ್ತಾರೆ.

ಹಾಗಿದ್ದರೆ ನೆಂಟರ ಮನೆಯಲ್ಲೇ ಹಚ್ಚಿಕೊಳ್ಳಲಿ, ನಮಗ್ಯಾಕೆ ಉಸಾಬರಿ ಎನ್ನುತ್ತೀರಾ? ಅದರ ಕಥೆಯನ್ನೂ ಕೇಳಿ. ಇಳಕಲ್ಲಿನಲ್ಲಿ ತಂಗಿಯ ಮನೆಗೆ ಹೋಗಿ ಐದು ದಿನ ಉಳಿದಿದ್ದೆ. ದಿನಾ ರಾತ್ರಿ ಕಾರು ಹಚ್ಚಿದೆ, ನೂರು ಯೂನಿಟ್ಟಿನ ಮೇಲೆ ಹೋಯಿತು. ಅವರದು ಸರ್ಕಾರದ ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಯೋಜನೆಯ ಮನೆ. 2023ರ ಆಗಸ್ಟಿನಿಂದ ಸೊನ್ನೆ ಬಿಲ್ಲು ಬರುತ್ತಿತ್ತು. ಆ ತಿಂಗಳು ಇನ್ನೂರು ಯೂನಿಟ್ಟಿನ ಗೆರೆ ದಾಟಿತು, ಗೆರೆ ದಾಟಿದ ತಿಂಗಳಿಗೆ ಪೂರ್ತಿ ಬಿಲ್ಲು ಕಟ್ಟಬೇಕು. ತಂಗಿ ಫೋನಿನಲ್ಲಿ ನಗುತ್ತಲೇ ಹೇಳಿದಳು, “ಅಣ್ಣಾ, ನಿನ್ನ ಕಾರು ನಮ್ಮ ಜ್ಯೋತಿ ಆರಿಸ್ತು ನೋಡು.” ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ. ನೆಂಟರ ಮನೆಯಲ್ಲಿ ಊಟ ಮಾಡಬಹುದು, ಕಾರಿಗೆ ಊಟ ಹಾಕಿಸುವುದು ಮುಲಾಜಿನ ಕೆಲಸ. ದುಡ್ಡು ಕೊಟ್ಟು ಹಚ್ಚುವ ಜಾಗ ಊರಲ್ಲೊಂದು ಇದ್ದರೆ ಅಣ್ಣ-ತಂಗಿ ಇಬ್ಬರೂ ಆರಾಮ.

ದುಡ್ಡಿನ ಮಾತಿಗೆ ಬರೋಣ. ಪ್ಲಗ್ಗಿನ ಪಕ್ಕ ಒಂದು ಸಣ್ಣ ಸಬ್ ಮೀಟರು ಕೂಡಿಸಿ, ಎಷ್ಟು ಯೂನಿಟ್ ಹೋಯಿತೋ ಅಷ್ಟಕ್ಕೆ ದರ ಹೇಳಿ. ನಿಮ್ಮ ಕಮರ್ಷಿಯಲ್ ದರದ ಮೇಲೆ ನಾಲ್ಕು ಕಾಸು ಇಟ್ಟು, ಯೂನಿಟ್ಟಿಗೆ ಹದಿನೈದು ರೂಪಾಯಿ ಕೇಳಿದರೂ ನನ್ನಂಥವರು ತಕರಾರು ಮಾಡುವುದಿಲ್ಲ. ಒಂದು ರಾತ್ರಿಗೆ 450 ರೂಪಾಯಿ ಆಗುತ್ತದೆ. ಅಷ್ಟೇ ದೂರ ಪೆಟ್ರೋಲಿನಲ್ಲಿ ಹೋದರೆ ಅದರ ಎರಡು ಪಟ್ಟಿಗಿಂತ ಹೆಚ್ಚು ಬೇಕು. “ಕರೆಂಟು ಮಾರಿದರೆ ಕೇಸು ಹಾಕ್ತಾರಂತ” ಎಂದು ಒಬ್ಬ ಧಾಬಾದವರು ನನ್ನೆದುರು ಹೆದರಿದರು. ಹೆದರಬೇಕಿಲ್ಲ. ವಾಹನ ಚಾರ್ಜ್ ಮಾಡಿಕೊಡುವುದು ಸೇವೆ, ಅದಕ್ಕೆ ಕರೆಂಟು ಮಾರುವ ಲೈಸೆನ್ಸು ಬೇಡ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರ ಏಪ್ರಿಲ್‌ನಲ್ಲೇ ಸ್ಪಷ್ಟಪಡಿಸಿದೆ. ನೀವು ಮರೆಯದೆ ಮಾಡಬೇಕಾದ್ದು ಒಂದೇ. ಒಂದೊಂದು ಪ್ಲಗ್ಗಿಗೂ ಮೂರೂವರೆ ಕಿಲೋವ್ಯಾಟ್ ಲೋಡು ಹೆಚ್ಚುತ್ತದೆ, ಮಂಜೂರಾದ ಲೋಡಿನೊಳಗೆ ಅದು ಕೂರದಿದ್ದರೆ ಹೆಸ್ಕಾಂಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ. ಎರಡು ಮೂರು ಕಾರು ನಿಲ್ಲುವ ಅಂದಾಜಿದ್ದರೆ ವಾಹನ ಚಾರ್ಜಿಂಗಿಗೆಂದೇ ಇರುವ ಬೇರೆ ದರದ ಮೀಟರನ್ನೂ ವಿಚಾರಿಸಿ.

ಊಟದ ಖಾನಾವಳಿಯವರಿಗೆ ನಾನು ಸುಳ್ಳು ಆಸೆ ತೋರಿಸುವುದಿಲ್ಲ. ಒಂದು ತಾಸಿನ ಊಟದಲ್ಲಿ ಕಾರಿಗೆ ಹತ್ತುವುದು ಮೂರು ಯೂನಿಟ್, ಓಡುವುದು ಇಪ್ಪತ್ತು ಕಿ.ಮೀ.ಯ ಒಳಗೆ. ಆದರೆ ಅಮೀನಗಡದಲ್ಲಿ ಸಿಕ್ಕಿಬಿದ್ದವನಿಗೆ ಅಷ್ಟರಲ್ಲಿ ಹುನಗುಂದ ಮುಟ್ಟಲಿಕ್ಕಾಗುತ್ತದೆ. ರೊಟ್ಟಿಯ ಮೇಲೆ ಕರದಂಟನ್ನೂ ತಿಂದು ಇನ್ನಷ್ಟು ಹೊತ್ತು ಕೂತರೆ ನಿಮಗೇನು ನಷ್ಟ? ಸ್ಕೂಟರಿನವರ ಲೆಕ್ಕ ಬೇರೆ. ಅವರಿಗೆ ಮಾಮೂಲಿ 5 ಆಂಪಿನ ಪ್ಲಗ್ಗೇ ಸಾಕು, ಒಂದು ತಾಸಿನಲ್ಲಿ ಅವರ ದಾರಿ ಒಳ್ಳೆಯ ದೂರ ಸಾಗುತ್ತದೆ. ಸೀರೆ ಗಂಟು ಹೇರಿಕೊಂಡು ಕರೆಂಟಿನ ಸ್ಕೂಟರಿನಲ್ಲಿ ತಿರುಗುವವರು ಇಳಕಲ್ಲಿನಲ್ಲಿ ಬೇಕಾದಷ್ಟಿದ್ದಾರೆ, ಅವರನ್ನು ಮರೆಯಬೇಡಿ.

ಕರೆಂಟು ಹೋದರೆ? ಹೋಗಲಿ. ಬಂದಾಗ ಚಾರ್ಜರು ತಾನೇ ಮುಂದುವರಿಸುತ್ತದೆ. ದಯವಿಟ್ಟು ಕರೆಂಟಿನ ಕಾರಿಗಾಗಿ ಡೀಸೆಲ್ ಜನರೇಟರು ಹಚ್ಚಬೇಡಿ, ಅದಕ್ಕಿಂತ ತಮಾಷೆ ಬೇರೊಂದಿಲ್ಲ. ಹಳ್ಳಿಯ ಕಡೆ ಸಂಜೆ ವೋಲ್ಟೇಜು ಇಳಿದಾಗ ಚಾರ್ಜರು ನಿಂತುಬಿಡುವುದೂ ಉಂಟು. ರಾತ್ರಿ ಹನ್ನೊಂದರ ಮೇಲೆ ಹಚ್ಚಿದರೆ ಕಾರಿಗೂ ಒಳ್ಳೆಯದು, ಊರಿನ ಟ್ರಾನ್ಸ್‌ಫಾರ್ಮರಿಗೂ ಒಳ್ಳೆಯದು.

ಗುಡಿ-ಮಠಗಳ ಹಿರಿಯರೇ, ಬನಶಂಕರಿಯ ಜಾತ್ರೆಯ ದಿನ, ನಮ್ಮ ಹನುಮಪ್ಪನ ಶನಿವಾರದ ದಿನ ನೂರು ಕಾರಿಗೆ ಪ್ಲಗ್ ಕೊಡಿ ಎಂದು ನಾನು ಕೇಳುತ್ತಿಲ್ಲ. ಅದು ಆಗದ ಮಾತು. ಯಾತ್ರಿನಿವಾಸದಲ್ಲಿ ರಾತ್ರಿ ಉಳಿಯುವವರಿಗೆ ಎರಡು ಕೊಟ್ಟರೆ ಸಾಕು. ಆಲಮಟ್ಟಿಯ ನೀರು ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳನ್ನು ನುಂಗಿತು. ಅದೇ ನೀರಿನಿಂದ ಅಣೆಕಟ್ಟಿನ ಬುಡದಲ್ಲಿ 290 ಮೆಗಾವ್ಯಾಟ್ ಕರೆಂಟು ತೆಗೆಯುವ ಮನೆಯಿದೆ. ಅದರ ಹನಿಯೊಂದು ನಮ್ಮದೇ ಜಿಲ್ಲೆಯ ಯಾತ್ರಿಕನ ಕಾರಿಗೂ ಬೀಳಲಿ.

ಪ್ಲಗ್ ಕೂಡಿಸಿದ ಮೇಲೆ ಎರಡು ಸಣ್ಣ ಕೆಲಸ ಇವೆ. “ಜೋಳದ ರೊಟ್ಟಿ ಊಟ ಸಿಗುತ್ತದೆ” ಎಂಬ ಬೋರ್ಡಿನ ಕೆಳಗೆ “ಕಾರ್ ಚಾರ್ಜಿಂಗ್ ಇದೆ, 15 ಆಂಪ್” ಎಂದು ಬರೆಸಿ. ಆ ಜಾಗದಲ್ಲಿ ಪೆಟ್ರೋಲು-ಡೀಸೆಲ್ ಗಾಡಿ ನಿಲ್ಲದಂತೆ ವಾಚ್‌ಮನ್ನನಿಗೆ ಹೇಳಿಡಿ. ಮತ್ತೆ ಫೋನಿನಲ್ಲಿ ಯಾರಾದರೂ ಚಾರ್ಜಿಂಗ್ ಐತೇನ್ರಿ ಎಂದರೆ, ಮೊಬೈಲಿಗೋ ಕಾರಿಗೋ ಎಂದು ಕೇಳಿಬಿಡಿ.

ವೈರಿಂಗ್ ಹೇಗೆ ಎಂಬ ಅನುಮಾನವಿದ್ದರೆ ತುಳಸಿಗೇರಿಗೆ ಬನ್ನಿ. ಯಾವ ಶನಿವಾರವಾದರೂ ಆದೀತು, ಹನುಮಪ್ಪನ ದರ್ಶನ ಮುಗಿಸಿಕೊಂಡು ನಮ್ಮ ಮನೆಯ ಬೋರ್ಡು ಬಿಚ್ಚಿ ನೋಡಬಹುದು. ನನ್ನನ್ನೇ ಕರೆದರೆ ಮೀಟರು, ಟೆಸ್ಟರು ಚೀಲಕ್ಕೆ ಹಾಕಿಕೊಂಡು ಬಂದು ನಿಮ್ಮ ಅರ್ಥ್ ಗುಂಡಿ ಅಳೆದು ಕೊಡುತ್ತೇನೆ. ದುಡ್ಡು ಬೇಡ, ಊಟಕ್ಕೆ ಹಾಕಿ. ಕಾರನ್ನು ಎಲ್ಲಿ ಹಚ್ಚಬೇಕು ಎಂದು ಮಾತ್ರ ಮೊದಲೇ ಹೇಳಿರಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ
ತುಳಸಿಗೇರಿ, ಜಿ. ಬಾಗಲಕೋಟೆ